‘ಎಂಬಿಎ ಓದಿ ನಾನು ಏನು ಬೆಳೆದೆ ಅಂತ ಬರೆಯಲಿ?’

ಪ್ರಶ್ನೆ: ನಾನು ಪಾಂಡವಪುರ ತಾಲ್ಲೂಕಿನವಳು. ಮೈಸೂರಿನಲ್ಲಿ ಎಂಬಿಎ ಎರಡನೇ ವರ್ಷ, ಫೈನಾನ್ಸ್. ಸರಸ್ವತಿಪುರಂನಲ್ಲಿ ಪಿಜಿಯಲ್ಲಿದ್ದೇನೆ. ‘ಈ ಎರಡು ವರ್ಷದಲ್ಲಿ ವ್ಯಕ್ತಿಯಾಗಿ ನಾನು ಹೇಗೆ ಬೆಳೆದೆ’ ಅಂತ ಒಂದು ವರದಿ ಕೊಡಬೇಕು, ಅದಕ್ಕೆ ಅಂಕ ಇದೆ. ಹತ್ತು ಪುಟ ಬರೆದುಕೊಟ್ಟೆ. ‘ಇದನ್ನು ಯಾರು ಬೇಕಾದರೂ ಬರೆಯಬಹುದಿತ್ತು’ ಅಂತ ಷರಾ ಹಾಕಿ ಮೇಡಂ ವಾಪಸ್ ಕೊಟ್ಟರು. ಮೂರು ವಾರದಲ್ಲಿ ಮತ್ತೆ ಕೊಡಬೇಕು. ನಿಜ ಹೇಳಬೇಕೆಂದರೆ ಬೆಳೆದಿದ್ದೇನೆ ಅಂತ ನನಗೆ ಅನ್ನಿಸುವುದೇ ಇಲ್ಲ. ಇಂಗ್ಲಿಷ್ ಸ್ವಲ್ಪ ಸುಧಾರಿಸಿದೆ, ಬ್ಲೇಜರ್ ಹಾಕಿಕೊಳ್ಳುತ್ತೇನೆ, ಅಷ್ಟೇ. ಊರಲ್ಲಿ ಮಾತ್ರ ‘ಬದಲಾಗಿಬಿಟ್ಟಿದ್ದಾಳೆ’ ಅನ್ನುತ್ತಾರೆ. ಕಬ್ಬನ್ನು ಆಲೆಮನೆಗೆ ಕೊಟ್ಟು ನಷ್ಟ ಮಾಡಿಕೊಳ್ಳುತ್ತಿದ್ದೀರಿ, ಕಾರ್ಖಾನೆಗೆ ಕೊಡಿ ಅಂತ ಅಪ್ಪನಿಗೆ ಎಕ್ಸೆಲ್‌ನಲ್ಲಿ ಲೆಕ್ಕ ತೋರಿಸಿದೆ. ದೊಡ್ಡಪ್ಪನೂ ಅಲ್ಲೇ ಇದ್ದರು. ‘ನಿನ್ನ ಫೀಸು ಕಟ್ಟಿದ್ದು ಯಾವ ದುಡ್ಡಲ್ಲಿ ಅನ್ಕಂಡಿದ್ದೀಯವ್ವ?’ ಅಂದುಬಿಟ್ಟರು ಅಪ್ಪ. ಅವತ್ತಿನಿಂದ ನಮ್ಮಿಬ್ಬರ ನಡುವೆ ಸರಿಯಾಗಿ ಮಾತಿಲ್ಲ. ಇಂಥ ಮನಸ್ಥಿತಿಯಲ್ಲಿ ಬೆಳವಣಿಗೆ ಬಗ್ಗೆ ಏನಂತ ಬರೆಯಲಿ? ಯಾವ ಮಾದರಿಯಲ್ಲಿ ಬರೆಯಲಿ, ಮನೆಯ ವಿಷಯ ಎಷ್ಟು ಬರೆಯಬಹುದು ಅಂತಲೂ ಹೇಳಿ. ಎರಡು ಕೆಲಸಗಳಲ್ಲಿ ಯಾವುದನ್ನು ಆರಿಸಲಿ ಅನ್ನುವ ಗೊಂದಲವೂ ಇದೆ. ವರದಿ, ಎಕ್ಸೆಲ್ ಶೀಟಿನ ಚಿತ್ರ ಎರಡನ್ನೂ ಜೊತೆಗೆ ಇಟ್ಟಿದ್ದೇನೆ, ನೋಡಿ.

ಉತ್ತರ: ವರದಿ ಪೂರ್ತಿ ಓದಿದೆ. ನಿಮ್ಮ ಮೇಡಂ ಹಾಕಿದ ಷರಾ ಖಾರವಾಗಿದೆ, ಆದರೆ ಸರಿಯಾಗಿದೆ. ಬೇಜಾರು ಮಾಡಿಕೊಳ್ಳಬೇಡಿ. ಮೈಸೂರಿನಲ್ಲಿ ಮ್ಯಾನೇಜ್‌ಮೆಂಟ್ ಪಾಠ ಮಾಡುತ್ತಾ ಇಂಥ ವರದಿಗಳನ್ನು ನಾನೂ ಕಂತೆಗಟ್ಟಲೆ ಓದಿದ್ದೇನೆ. ಹೆಚ್ಚಿನವು ಒಂದೇ ಥರ ಇರುತ್ತವೆ. ಸೇರಿದಾಗ ನಾನು ಅಂಜುಬುರುಕಿ, ಸ್ಟೇಜ್ ಹತ್ತಿದರೆ ಕೈಕಾಲು ನಡುಗುತ್ತಿತ್ತು. ಆಮೇಲೆ ಪ್ರೆಸೆಂಟೇಶನ್ ಮಾಡಿದೆ, ಟೀಮಿನಲ್ಲಿ ಕೆಲಸ ಮಾಡಿದೆ, ಇಂಟರ್ನ್‌ಶಿಪ್ ಮುಗಿಸಿದೆ. ಈಗ ಆತ್ಮವಿಶ್ವಾಸ ಬಂದಿದೆ, ನಾಯಕತ್ವ ಗುಣ ಬಂದಿದೆ, ಸಮಯಪಾಲನೆ ಗೊತ್ತಾಗಿದೆ. ಕೊನೆಗೆ ಪ್ರಾಧ್ಯಾಪಕರಿಗೆ ಧನ್ಯವಾದ. ಈಗಂತೂ ಮೊಬೈಲಿನಲ್ಲಿ ಎರಡು ಸಾಲು ಕೇಳಿದರೆ ಇದನ್ನೇ ಚೆಂದವಾಗಿ ಬರೆದುಕೊಡುವ ಸಾಧನಗಳೂ ಬಂದಿವೆ. ಅಲ್ಲಿಗೆ ಇಂಥ ವರದಿಗೆ ಉಳಿದಿದ್ದ ಬೆಲೆಯೂ ಹೋಯಿತು.

ನೀವು ಸುಳ್ಳು ಬರೆದಿದ್ದೀರಿ ಅಂತಲ್ಲ. ನೀವು ಬರೆದ ಹತ್ತು ಪುಟಗಳಲ್ಲಿ ಇಲ್ಲದ ವಿಷಯ ನನಗೆ ಬರೆದ ಅರ್ಧ ಪುಟದ ಪತ್ರದಲ್ಲಿ ಇದೆ. ಅಪ್ಪನ ಮಾತನ್ನು ನೀವು ದೂರಿನ ಥರ ಬರೆದಿದ್ದೀರಿ. ನನಗೆ ಅದು ವರದಿಯ ಮೊದಲ ಸಾಲಿನಂತೆ ಕಂಡಿತು. ಅಲ್ಲಿಗೆ ಬರುತ್ತೇನೆ. ಅದಕ್ಕೂ ಮೊದಲು ನೆನಪಿನ ವಿಷಯ ಸ್ವಲ್ಪ ಹೇಳಬೇಕು.

‘ಎರಡು ವರ್ಷದ ಹಿಂದೆ ನಾನು ಹೀಗಿದ್ದೆ’ ಅಂತ ಬರೆಯುವಾಗ ನಾವೆಲ್ಲ ನೆನಪನ್ನು ನಂಬುತ್ತೇವೆ. ಈ ಕೆಲಸಕ್ಕೆ ನೆನಪು ಅಷ್ಟು ಒಳ್ಳೆಯ ಸಾಕ್ಷಿ ಅಲ್ಲ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾಕ್ಕೂ ಸೋವಿಯತ್ ಒಕ್ಕೂಟಕ್ಕೂ ಹೊರಟಿದ್ದರು. ಬರೂಕ್ ಫಿಶಾಫ್, ರೂತ್ ಬೇಯ್ತ್ ಎಂಬ ಇಬ್ಬರು ಸಂಶೋಧಕರು ಇಸ್ರೇಲಿನ ವಿದ್ಯಾರ್ಥಿಗಳನ್ನು ಕೂರಿಸಿ, ಈ ಪ್ರವಾಸದಲ್ಲಿ ಏನೇನು ಆಗಬಹುದು, ಯಾವುದಕ್ಕೆ ಎಷ್ಟು ಸಾಧ್ಯತೆ ಅಂತ ಬರೆಸಿಕೊಂಡರು. ಉದಾಹರಣೆಗೆ, ನಿಕ್ಸನ್ ಮಾವೋ ಅವರನ್ನು ಭೇಟಿ ಆಗುತ್ತಾರೋ ಇಲ್ಲವೋ. ಪ್ರವಾಸ ಮುಗಿದ ಮೇಲೆ ಅದೇ ವಿದ್ಯಾರ್ಥಿಗಳನ್ನು ಕರೆದು ‘ಅವತ್ತು ನೀವು ಎಷ್ಟು ಅಂತ ಬರೆದಿದ್ದಿರಿ, ನೆನಪು ಮಾಡಿಕೊಳ್ಳಿ’ ಅಂದರು. ನಡೆದ ಘಟನೆಗಳಿಗೆ ತಾವು ಮೊದಲೇ ಜಾಸ್ತಿ ಸಾಧ್ಯತೆ ಕೊಟ್ಟಿದ್ದಾಗಿ ಬಹುತೇಕರು ನೆನಪು ಮಾಡಿಕೊಂಡರು. ಯಾರೂ ಬೇಕಂತ ಸುಳ್ಳು ಹೇಳಿರಲಿಲ್ಲ. ಆದದ್ದು ಗೊತ್ತಾದ ಮೇಲೆ ಹಳೆಯ ತಲೆಯನ್ನು ಇದ್ದ ಹಾಗೇ ನೆನಪಿಸಿಕೊಳ್ಳಲು ಆಗುವುದಿಲ್ಲ, ಅಷ್ಟೇ. 1975ರಲ್ಲಿ ಪ್ರಕಟವಾದ ಈ ಅಧ್ಯಯನದ ಬೆನ್ನಿಗೆ ಅಂಥವು ಬೇಕಾದಷ್ಟು ಬಂದಿವೆ.

ಇದನ್ನು ನಿಮ್ಮ ವರದಿಗೆ ಹಚ್ಚಿ ನೋಡಿ. ‘ಸೇರಿದಾಗ ನಾನು ತುಂಬಾ ಅಂಜುತ್ತಿದ್ದೆ’ ಎಂದು ಬರೆದಿದ್ದೀರಿ. ಹೌದಾ? ಪಾಂಡವಪುರದ ಹಳ್ಳಿಯೊಂದರಿಂದ ಬಂದು, ಪಿಜಿಸಿಇಟಿ ಬರೆದು, ಕೌನ್ಸೆಲಿಂಗ್‌ನಲ್ಲಿ ಸೀಟು ಹಿಡಿದು, ಒಬ್ಬರೇ ಪಿಜಿ ಹುಡುಕಿಕೊಂಡವರು ನೀವು. ಅದನ್ನೂ ನೀವೇ ವರದಿಯಲ್ಲಿ ಬೇರೆ ಕಡೆ ಹೇಳಿಕೊಂಡಿದ್ದೀರಿ. ಇದು ಅಂಜುಬುರುಕಿಯ ಕೆಲಸ ಅಲ್ಲ. ಈಗಿನ ಆತ್ಮವಿಶ್ವಾಸ ಎದ್ದು ಕಾಣಲಿ ಅಂತ ಹಳೆಯ ಹುಡುಗಿಯನ್ನು ಸ್ವಲ್ಪ ಕುಗ್ಗಿಸಿದ್ದೀರಿ ಅಂತ ನನ್ನ ಅನುಮಾನ. ಎಲ್ಲರೂ ಮಾಡುವುದು ಇದನ್ನೇ.

ನೆನಪು ಪೂರಾ ನಂಬಿಕೆಗೆ ಯೋಗ್ಯವಲ್ಲ ಅಂತಲೂ ಹೇಳುತ್ತಿಲ್ಲ. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ 1948ರಲ್ಲಿ ಇಲ್ಲೇ ಹತ್ತಿರದ ಹಳ್ಳಿಯೊಂದರಲ್ಲಿ ಉಳಿದು ಅಧ್ಯಯನ ಮಾಡಿದರು. ಆ ಟಿಪ್ಪಣಿಗಳನ್ನು ವಿಂಗಡಿಸಿ, ಸಿದ್ಧ ಮಾಡಿ ಇಟ್ಟುಕೊಂಡಿದ್ದರು. 1970ರಲ್ಲಿ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಬೆಂಕಿ ಬಿದ್ದು ಅವು ಸುಟ್ಟುಹೋದವು. ಆ ಹಳ್ಳಿಯ ಬಗ್ಗೆ ಆಮೇಲೆ ನೆನಪಿನಿಂದಲೇ ಬರೆದರು, ಅದಕ್ಕೆ ದೊಡ್ಡ ಹೆಸರು ಬಂತು. ಇದನ್ನು ನೆನಪಿನ ಗೆಲುವು ಅಂತ ಹೇಳುವವರಿದ್ದಾರೆ. ನನಗೆ ಅನ್ನಿಸುವುದು ಬೇರೆ. ನೋಡಿದ್ದನ್ನು ಆಯಾ ಹೊತ್ತಿಗೆ ಬರೆದು, ಮತ್ತೆ ಮತ್ತೆ ತಿರುವಿ ಹಾಕಿದ್ದ ಮನುಷ್ಯನ ನೆನಪು ಅದು. ನಮ್ಮ ನಿಮ್ಮ ನೆನಪನ್ನು ಅದರ ಪಕ್ಕ ಇಡಲಾಗದು.

ಹಾಗಾದರೆ ಡೈರಿ ಬರೆಯದ ನೀವು ಏನು ಮಾಡಬೇಕು? ನಿಮ್ಮ ಬಳಿ ಡೈರಿ ಇಲ್ಲದಿರಬಹುದು, ದಾಖಲೆ ಇದೆ. ಮೊದಲ ಸೆಮಿಸ್ಟರ್‌ನ ಪ್ರೆಸೆಂಟೇಶನ್ ಫೈಲು ಲ್ಯಾಪ್‌ಟಾಪಿನಲ್ಲಿ ಎಲ್ಲೋ ಇರುತ್ತದೆ. ತೆರೆದು ನೋಡಿ. ಆಗ ಸೇರಿಸದೇ ಬಿಟ್ಟ ಪ್ರಶ್ನೆ ಯಾವುದು, ಈಗಾದರೆ ಕೇಳುವ ಪ್ರಶ್ನೆ ಯಾವುದು? ಗೆಳತಿಗೆ ಕಳಿಸಿದ ವಾಟ್ಸಾಪ್ ವಾಯ್ಸ್ ಮೆಸೇಜ್‌ಗಳು ಇರುತ್ತವೆ. ಫೋನ್‌ಪೇ, ಗೂಗಲ್‌ಪೇಯಲ್ಲಿ ಮೊದಲ ಆರು ತಿಂಗಳ ಖರ್ಚಿನ ಪಟ್ಟಿ ಇದೆ. ಫೈನಾನ್ಸ್ ಓದುವವರಿಗೆ ಅದಕ್ಕಿಂತ ಒಳ್ಳೆಯ ಆತ್ಮಚರಿತ್ರೆ ಇನ್ನೊಂದಿಲ್ಲ. ತಿಂಗಳ ಮೂರನೇ ವಾರಕ್ಕೆ ದುಡ್ಡು ಖಾಲಿಯಾಗಿ ಮನೆಯಿಂದ ತರಿಸಿಕೊಂಡಿದ್ದಿರಾ? ಈಗಲೂ ಹಾಗೇನಾ? ‘ಹಣಕಾಸಿನ ಶಿಸ್ತು ಕಲಿತೆ’ ಅಂತ ನಾಲ್ಕನೇ ಪುಟದಲ್ಲಿ ಬರೆದಿದ್ದೀರಿ. ಅದು ನಿಜವೋ ಅಲ್ಲವೋ ಅಂತ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ನಿಜವಲ್ಲದಿದ್ದರೆ ಆ ಸಾಲನ್ನು ಹೊಡೆದು ಹಾಕಿ. ಇನ್ನೂ ಒಳ್ಳೆಯದೆಂದರೆ, ಇಷ್ಟೆಲ್ಲ ಓದಿಯೂ ಅದು ಯಾಕೆ ಬರಲಿಲ್ಲ ಅಂತ ಬರೆಯಿರಿ.

ಈಗ ಕಬ್ಬಿನ ಲೆಕ್ಕ.

ನಿಮ್ಮ ಎಕ್ಸೆಲ್ ಶೀಟಿನ ಚಿತ್ರವನ್ನೂ ಕಳಿಸಿದ್ದೀರಿ. ಎರಡು ಎಕರೆ, ಸುಮಾರು 70 ಟನ್. ಕಾರ್ಖಾನೆ ಬೆಲೆ ಟನ್ನಿಗೆ 3,550 ರೂಪಾಯಿ. ಆಲೆಮನೆಯವರು ಕೊಟ್ಟಿದ್ದು 2,900. ವ್ಯತ್ಯಾಸ 650. ಒಟ್ಟು ನಷ್ಟ 45,500 ರೂಪಾಯಿ, ಅದಕ್ಕೆ ಕೆಂಪು ಬಣ್ಣ. ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ 3,550 ಎಲ್ಲಿಂದ ಬಂತು ನೋಡೋಣ. 2025-26ರ ಹಂಗಾಮಿಗೆ ಕಾರ್ಖಾನೆಗಳು ಕೊಡಲೇಬೇಕಾದ ಕನಿಷ್ಠ ಬೆಲೆ ಅಂತ ಕೇಂದ್ರ ಸರ್ಕಾರ ಗೊತ್ತು ಮಾಡಿದ ಎಫ್‌ಆರ್‌ಪಿ ಕ್ವಿಂಟಲ್‌ಗೆ 355 ರೂಪಾಯಿ. ಅದು ಶೇ 10.25ರ ಸಕ್ಕರೆ ಇಳುವರಿಗೆ, ಅಂದರೆ ನೂರು ಕಿಲೋ ಕಬ್ಬಿಗೆ 10.25 ಕಿಲೋ ಸಕ್ಕರೆ ಬಂದರೆ. ಇಳುವರಿ ಇಳಿದಂತೆ ಬೆಲೆಯೂ ಇಳಿಯುತ್ತದೆ. ಶೇ 9.5ಕ್ಕಿಂತ ಕಡಿಮೆ ಇದ್ದರೆ ಸಿಗುವುದು 329.05 ರೂಪಾಯಿ, ಅಂದರೆ ಟನ್ನಿಗೆ 3,290 ಚಿಲ್ಲರೆ. ನಮ್ಮ ಹಳೇ ಮೈಸೂರು ಕಡೆಯ ಕಬ್ಬಿನಲ್ಲಿ ಇಳುವರಿ ಬೆಳಗಾವಿ ಕಡೆಗಿಂತ ಸಾಮಾನ್ಯವಾಗಿ ಕಡಿಮೆ. ಇಷ್ಟಕ್ಕೇ ನಿಮ್ಮ 650 ಇಳಿದು 390ಕ್ಕೆ ಬಂತು. ಇನ್ನೊಂದಿದೆ. ಎಫ್‌ಆರ್‌ಪಿ ಅನ್ನುವುದು ಕಾರ್ಖಾನೆ ಬಾಗಿಲಿಗೆ ಬಂದ ಕಬ್ಬಿನ ಬೆಲೆ. ಕಟಾವಿನ ಕೂಲಿ, ಸಾಗಣೆ ವೆಚ್ಚ ಅದರಲ್ಲೇ ಕಳೆದು ಹೋಗುತ್ತದೆ. ಆಲೆಮನೆಯವರು ತಾವೇ ಆಳು ತಂದು ಕಡಿದುಕೊಂಡು ಹೋಗಿದ್ದರೆ ಆ 2,900 ನಿಮ್ಮಪ್ಪನ ಕೈಗೆ ಪೂರ್ತಿ ಬಂದಿರುತ್ತದೆ. ಯಾರ ಖರ್ಚಿನಲ್ಲಿ ಕಡಿದರು ಅಂತ ಅಪ್ಪನನ್ನು ಕೇಳಿದ್ದಿರಾ? ಶೀಟಿನಲ್ಲಿ ಆ ಸಾಲೇ ಇಲ್ಲ. ಅದನ್ನು ಸೇರಿಸಿದರೆ ನಷ್ಟ ಅಂತ ನೀವು ಕೆಂಪಾಗಿಸಿದ್ದು ಲಾಭ ಆಗಿಬಿಡಲೂಬಹುದು.

ಹೋಗಲಿ, ಕಾರ್ಖಾನೆಯ ದುಡ್ಡೇ ಜಾಸ್ತಿ ಅಂತ ಇಟ್ಟುಕೊಳ್ಳೋಣ. ಅದು ಕೈಗೆ ಬರುವುದು ಯಾವಾಗ? 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಬೇಕು. ಕಾಗದದ ಮೇಲೆ ಹೀಗಿದೆ. ಬಾಕಿಗಾಗಿ ರೈತರು ಹೆದ್ದಾರಿಯಲ್ಲಿ ಕೂತಿದ್ದನ್ನು ಮಂಡ್ಯದವರಿಗೆ ನಾನು ಹೇಳಬೇಕಾಗಿಲ್ಲ. ಅದಕ್ಕೂ ಮೊದಲು ಕಟಾವಿನ ಸರದಿ ಬರಬೇಕು. ಸರದಿ ತಡವಾದರೆ ಗದ್ದೆಯಲ್ಲಿ ನಿಂತ ಕಬ್ಬು ಒಣಗಿ ತೂಕ ಬೀಳುತ್ತದೆ, ಕಡಿದ ಬುಡದಿಂದ ಚಿಗುರುವ ಕೂಳೆ ಬೆಳೆ ಹಿಂದೆ ಬೀಳುತ್ತದೆ. ಆಲೆಮನೆಯವರು ಹೇಳಿದ ವಾರ ಬಂದು ಕಡಿದು, ದುಡ್ಡು ಕೊಟ್ಟು ಹೋಗುತ್ತಾರೆ. ನಿಮ್ಮ ಫೀಸಿಗೆ ಕೊನೆಯ ದಿನ ಇತ್ತು. ಅಪ್ಪ ಕಾರ್ಖಾನೆ ದುಡ್ಡಿಗೆ ಕಾದು, ಆ ಮಧ್ಯೆ ಊರಲ್ಲಿ ನೂರಕ್ಕೆ ಮೂರು ರೂಪಾಯಿ ಬಡ್ಡಿಯಲ್ಲಿ ಒಂದು ಲಕ್ಷ ಕೈಸಾಲ ಮಾಡಿದ್ದರೆ, ಮೂರು ತಿಂಗಳಿಗೆ ಒಂಬತ್ತು ಸಾವಿರ ಬಡ್ಡಿಗೇ ಹೋಗುತ್ತಿತ್ತು. ಸಾಲ ಕೇಳಲು ಒಬ್ಬರ ಮನೆ ಬಾಗಿಲಿಗೆ ಹೋಗಿ ನಿಲ್ಲುವುದಕ್ಕೆ ಎಕ್ಸೆಲ್‌ನಲ್ಲಿ ಕಾಲಂ ಇಲ್ಲ.

ಇದಕ್ಕೆ ನಿಮ್ಮ ಸಿಲೆಬಸ್ಸಿನಲ್ಲಿ ಹೆಸರಿದೆ. ವರ್ಕಿಂಗ್ ಕ್ಯಾಪಿಟಲ್. ಅಂದರೆ ದಿನದ ವ್ಯವಹಾರ ನಡೆಸಲು ಕೈಯಲ್ಲಿ ಇರಬೇಕಾದ ದುಡ್ಡು. ಲಾಭವೇ ಬೇರೆ, ಕೈಯಲ್ಲಿರುವ ನಗದೇ ಬೇರೆ. ಲಾಭದಲ್ಲಿರುವ ಕಂಪನಿಯೂ ನಗದಿಲ್ಲದೆ ಮುಳುಗಬಹುದು. ಈ ಪೇಪರಿನಲ್ಲಿ ನಿಮಗೆ ಒಳ್ಳೆಯ ಅಂಕ ಬಂದಿದೆ ಅಂತ ವರದಿಯಲ್ಲಿ ಹೆಮ್ಮೆಯಿಂದ ಬರೆದಿದ್ದೀರಿ. ಅದೇ ವರ್ಷ ನಿಮ್ಮಪ್ಪ ವರ್ಕಿಂಗ್ ಕ್ಯಾಪಿಟಲ್‌ನ ಒಂದು ತೀರ್ಮಾನ ತೆಗೆದುಕೊಂಡರು, ಅದರಿಂದ ನಿಮ್ಮ ಫೀಸು ಕಟ್ಟಿದರು. ಅದನ್ನೇ ನೀವು ದೊಡ್ಡಪ್ಪನ ಎದುರು ‘ನಷ್ಟ’ ಅಂದಿರಿ.

ಬೈಯುತ್ತಿಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಇದು ನಿಮ್ಮೊಬ್ಬರ ಕಥೆ ಅಲ್ಲ. ಹಾರ್ವರ್ಡ್‌ನಲ್ಲಿ ಪಾಠ ಮಾಡುತ್ತಿದ್ದ ಕ್ರಿಸ್ ಆರ್ಜಿರಿಸ್ ಇದರ ಮೇಲೇ ದಶಕಗಟ್ಟಲೆ ಕೆಲಸ ಮಾಡಿದರು. ಮನುಷ್ಯನ ತಲೆಯಲ್ಲಿ ಎರಡು ಸಿದ್ಧಾಂತ ಇರುತ್ತವೆ ಅಂತ ಅವರೂ ಡೊನಾಲ್ಡ್ ಶೋನ್ ಅವರೂ 1974ರಲ್ಲಿ ಹೇಳಿದರು. ಕೇಳಿದಾಗ ನಾವು ಬಾಯಲ್ಲಿ ಹೇಳುವುದು ಒಂದು. ನಡೆದುಕೊಳ್ಳುವಾಗ ನಿಜವಾಗಿ ಬಳಸುವುದು ಇನ್ನೊಂದು. ಎರಡರ ನಡುವಿನ ಅಂತರ ನಮಗೇ ಕಾಣುವುದಿಲ್ಲ. ‘ಉತ್ತಮ ನಾಯಕ ಮೊದಲು ಕೇಳಿಸಿಕೊಳ್ಳುತ್ತಾನೆ’ ಅಂತ ನಿಮ್ಮ ಆರನೇ ಪುಟದಲ್ಲಿದೆ. ಅದು ಮೊದಲನೆಯದು. ಅಪ್ಪನ ಮುಂದೆ ಲ್ಯಾಪ್‌ಟಾಪ್ ತಿರುಗಿಸಿದ್ದು ಎರಡನೆಯದು. ಇದೇ ಆರ್ಜಿರಿಸ್ 1991ರಲ್ಲಿ ಇನ್ನೊಂದು ವಿಷಯ ಬರೆದರು. ಒಳ್ಳೊಳ್ಳೆಯ ಕಡೆ ಎಂಬಿಎ ಮಾಡಿದ ಕನ್ಸಲ್ಟೆಂಟ್‌ಗಳನ್ನು ಕೂರಿಸಿ, ಕೆಲಸ ಕೆಟ್ಟಿದ್ದು ಯಾಕೆ ಅಂತ ಕೇಳಿದರೆ, ಅವರು ಗಿರಾಕಿಯನ್ನು ದೂರಿದರು, ಮ್ಯಾನೇಜರನ್ನು ದೂರಿದರು, ತಮ್ಮ ಕಡೆ ಬೆರಳು ತಿರುಗಿಸಲಿಲ್ಲ. ಜೀವನದಲ್ಲಿ ಸೋತು ಅಭ್ಯಾಸ ಇಲ್ಲದವರಿಗೆ ಸೋಲಿನಿಂದ ಕಲಿಯುವುದೂ ಗೊತ್ತಿರುವುದಿಲ್ಲ ಅಂತ ಅವರ ವಾದ. ಶಾಲೆಯಿಂದ ಇಲ್ಲಿವರೆಗೆ ಮೊದಲ ಸಾಲಿನಲ್ಲೇ ಕೂತು ಬಂದವರು ಈ ಮಾತನ್ನು ಒಮ್ಮೆ ಯೋಚಿಸಬೇಕು.

ಹಾಗಾದರೆ ನಿಮ್ಮಲ್ಲಿ ಬೆಳವಣಿಗೆ ಆಗಿಲ್ಲವಾ? ಆಗಿದೆ, ಆದರೆ ನೀವು ಹುಡುಕುತ್ತಿರುವ ಜಾಗದಲ್ಲಿಲ್ಲ. ಎರಡು ವರ್ಷದ ಹಿಂದೆ ನೀವು ಆ ಲೆಕ್ಕ ಹಾಕುತ್ತಲೇ ಇರಲಿಲ್ಲ. ಮನೆಯ ಬೆಳೆಗೂ ಬೆಲೆ ಇದೆ, ಆಯ್ಕೆ ಇದೆ ಅನ್ನುವ ಕಣ್ಣು ಬಂದಿದೆ. ಆ ಕಣ್ಣು ಬಂದ ಹೊಸದರಲ್ಲಿ ಎದುರಿಗೆ ಕಂಡದ್ದೆಲ್ಲ ತಪ್ಪಾಗಿ ಕಾಣುತ್ತದೆ. ಇದು ಓದಿನ ನಡುವಿನ ಒಂದು ಹಂತ, ಹೊಸ ಡಾಕ್ಟರಿಗೆ ಬೀದಿಯಲ್ಲಿ ಹೋಗುವವರೆಲ್ಲ ರೋಗಿಗಳಾಗಿ ಕಾಣುವ ಹಾಗೆ. ಆಮೇಲೆ ಅಪ್ಪನ ಒಂದು ಮಾತಿಗೆ ನೀವು ನಿಂತಿರಿ. ಸಿಟ್ಟಾಯಿತು, ಬೇಜಾರಾಯಿತು, ಮರೆಯಲು ಆಗಲಿಲ್ಲ, ಪರಿಚಯವಿಲ್ಲದ ನನಗೆ ಬರೆದಿರಿ. ಲೆಕ್ಕದಲ್ಲಿ ಏನೋ ಬಿಟ್ಟುಹೋಗಿದೆ ಅನ್ನುವ ಅನುಮಾನ ಇಲ್ಲದಿದ್ದರೆ ಯಾರೂ ಹೀಗೆ ಬರೆಯುವುದಿಲ್ಲ.

ಈಗ ಒಂದು ಕೆಲಸ ಮಾಡಿ. ವರದಿ ಬರೆಯುವ ಮೊದಲು ಒಂದು ಶನಿವಾರ ಊರಿಗೆ ಹೋಗಿ. ಲ್ಯಾಪ್‌ಟಾಪ್ ಪಿಜಿಯಲ್ಲೇ ಇರಲಿ, ಒಂದು ನೋಟ್‌ಬುಕ್ ಸಾಕು. ‘ಅಪ್ಪ, ನನ್ನ ಲೆಕ್ಕದಲ್ಲಿ ಏನೇನು ಬಿಟ್ಟಿದ್ದೆ ಹೇಳು’ ಅಂತ ಕೇಳಿ. ಕಡಿಯುವ ಕೂಲಿ ಯಾರದು, ಮುಂಗಡ ಎಷ್ಟು ಬಂತು, ಹಿಂದಿನ ಯಾವ ವರ್ಷ ಕಾರ್ಖಾನೆಗೆ ಕೊಟ್ಟಿದ್ದರು, ದುಡ್ಡು ಬರಲು ಎಷ್ಟು ತಿಂಗಳಾಯಿತು, ಎಲ್ಲ ಬರೆದುಕೊಳ್ಳಿ. ದೊಡ್ಡಪ್ಪ ಇದ್ದರೆ ಇನ್ನೂ ಒಳ್ಳೆಯದು. ಅವರ ಎದುರು ಆಡಿದ ಮಾತನ್ನು ಅವರ ಎದುರೇ ತಿದ್ದಿಕೊಂಡರೆ ಅಪ್ಪನಿಗೆ ಸಮಾಧಾನ ಆಗುತ್ತದೆ. ಬಂದು ಶೀಟನ್ನು ಮತ್ತೆ ಮಾಡಿ. ಉತ್ತರ ಏನೇ ಬರಲಿ. ಕೊನೆಗೆ ನಿಮ್ಮ ಮಾತೇ ಸರಿ ಅಂತಲೂ ಆಗಬಹುದು, ಅಪ್ಪಂದಿರ ಲೆಕ್ಕ ಯಾವಾಗಲೂ ಸರಿ ಅಂತ ನಾನು ನಂಬಿದವನಲ್ಲ. ಆಲೆಮನೆ ದರವನ್ನು ನಾಲ್ಕು ಕಡೆ ವಿಚಾರಿಸದೆ ಒಪ್ಪಿಕೊಂಡಿರಬಹುದು. ಮಂಡ್ಯ ಎಪಿಎಂಸಿಯಲ್ಲಿ ಬೆಲ್ಲದ ದರ ಏರಿದ್ದಾಗ ಆಲೆಮನೆಯವರ ಜೊತೆ ಚೌಕಾಸಿ ಮಾಡಲು ಜಾಗ ಇರುತ್ತದೆ. ಒಂದು ಟನ್ ಕಬ್ಬಿಗೆ ಹೆಚ್ಚುಕಡಿಮೆ ಒಂದು ಕ್ವಿಂಟಲ್ ಬೆಲ್ಲ ಬರುತ್ತದೆ, ಅದರ ಮೇಲೆ ಲೆಕ್ಕ ಹಾಕಿ ಮಾತಾಡಬಹುದು. ನಿಮ್ಮ ಓದು ಅಪ್ಪನಿಗೆ ಉಪಯೋಗಕ್ಕೆ ಬರುವುದು ಅಲ್ಲಿ.

ಮೊದಲ ಶೀಟು, ಎರಡನೇ ಶೀಟು, ನಡುವಿನ ಮಾತುಕತೆ. ವರದಿಯ ಮುಕ್ಕಾಲು ಭಾಗ ಇದೇ ಇರಲಿ.

ಬರೆಯುವ ಮಾದರಿ ಬಗ್ಗೆಯೂ ಕೇಳಿದ್ದೀರಿ. ಅನುಭವದಿಂದ ಕಲಿಯುವುದು ಹೇಗೆ ಅಂತ ಡೇವಿಡ್ ಕೋಲ್ಬ್ 1984ರಲ್ಲಿ ಹೇಳಿದ ನಾಲ್ಕು ಹಂತಗಳ ಚಕ್ರ ನಿಮಗೆ ಪಾಠದಲ್ಲಿ ಬಂದಿರುತ್ತದೆ. ಅನುಭವ, ಅದರ ಮೇಲೆ ಯೋಚನೆ, ಅದರಿಂದ ಒಂದು ಪರಿಕಲ್ಪನೆ, ಮತ್ತೆ ಪ್ರಯೋಗ. ಗ್ರಹಾಂ ಗಿಬ್ಸ್ 1988ರಲ್ಲಿ ಕೊಟ್ಟ ಆರು ಹಂತಗಳು ಇನ್ನೂ ಜನಪ್ರಿಯ, ನರ್ಸಿಂಗ್ ಕಾಲೇಜುಗಳಲ್ಲಂತೂ ಎಲ್ಲರಿಗೂ ಬಾಯಿಪಾಠ. ಏನಾಯಿತು, ಏನನ್ನಿಸಿತು, ಒಳ್ಳೆಯದೇನು ಕೆಟ್ಟದ್ದೇನು, ಯಾಕೆ, ಮತ್ತೇನು ಮಾಡಬಹುದಿತ್ತು, ಮುಂದೇನು. ಇವು ಯೋಚನೆಗೆ ಒಳ್ಳೆಯವು. ವರದಿಗೆ ಇವನ್ನೇ ಶೀರ್ಷಿಕೆ ಮಾಡಿ ಖಾಲಿ ಜಾಗ ತುಂಬಿದರೆ ಮತ್ತೆ ಬ್ಯಾಂಕ್ ಫಾರಂ ಆಗುತ್ತದೆ. ಮೇಡಂಗೆ ಮಾದರಿಯ ಹೆಸರು ಬೇಕೇ ಬೇಕು ಅಂದರೆ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿ.

ಗ್ರೂಪ್ ಪ್ರಾಜೆಕ್ಟ್ ವಿಷಯ ಒಂದೇ ಮಾತು. ಉಳಿದವರು ಕೆಲಸ ಮಾಡದೇ ಇದ್ದಾಗ ನೀವೊಬ್ಬರೇ ರಾತ್ರಿ ಎಲ್ಲ ಕೂತು ಮುಗಿಸಿದಿರಿ, ಅದಕ್ಕೆ ‘ನಾಯಕತ್ವ’ ಅಂತ ತಲೆಬರಹ ಕೊಟ್ಟಿದ್ದೀರಿ. ಅದು ನಾಯಕತ್ವ ಅಲ್ಲ, ನಾಯಕತ್ವ ಸೋತಾಗ ಮಾಡುವ ಕೆಲಸ. ಉಳಿದ ಮೂವರ ಹತ್ತಿರ ಯಾಕೆ ಕೇಳಲಿಲ್ಲ? ಸಂಕೋಚವಾ, ಅಥವಾ ಅವರು ಮಾಡಿದರೆ ನನ್ನಷ್ಟು ಚೆನ್ನಾಗಿ ಆಗುವುದಿಲ್ಲ ಅನ್ನುವ ಭಾವನೆಯಾ? ಎರಡನೆಯದಾದರೆ ಅದು ಅಪ್ಪನ ಮುಂದೆ ಲ್ಯಾಪ್‌ಟಾಪ್ ತಿರುಗಿಸಿದ ಹುಡುಗಿಯದ್ದೇ ಸ್ವಭಾವ. ಎರಡನ್ನೂ ಅಕ್ಕಪಕ್ಕ ಇಟ್ಟು ಬರೆಯಿರಿ. ಮೇಡಂ ಕೂತು ಓದುತ್ತಾರೆ.

ಇಂಗ್ಲಿಷಿನ ಬಗ್ಗೆ ನೀವು ‘ಅಷ್ಟೇ’ ಅಂತ ಕೈಬಿಟ್ಟಿದ್ದೀರಲ್ಲ, ಅದನ್ನು ಅಷ್ಟು ಹಗುರ ಮಾಡಬೇಡಿ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇಂಗ್ಲಿಷಿನಲ್ಲಿ ಬ್ಯಾಲೆನ್ಸ್ ಶೀಟ್ ಓದಿ, ಅದರಲ್ಲೇ ವಾದ ಮಾಡುವ ಮಟ್ಟಕ್ಕೆ ಬರುವುದು ಸಣ್ಣ ಸಾಹಸ ಅಲ್ಲ. ಆದರೆ ನನಗೆ ಕುತೂಹಲ ಇರುವುದು ಬೇರೆ ಕಡೆ. ಮೊದಲ ವರ್ಷ ಗ್ರೂಪ್ ಡಿಸ್ಕಶನ್‌ನಲ್ಲಿ ನೀವು ಸುಮ್ನೆ ಕೂತಿದ್ದು ಹೇಳಲು ವಿಷಯ ಇಲ್ಲದೆಯಾ, ಅಥವಾ ವಿಷಯ ಇದ್ದೂ ವಾಕ್ಯ ಕಟ್ಟಲು ಆಗದೆಯಾ? ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಎರಡನೆಯದಾದರೆ, ನಿಮಗೆ ಬಂದದ್ದು ಆತ್ಮವಿಶ್ವಾಸ ಅಲ್ಲ, ಅದು ಮೊದಲೂ ಇತ್ತು. ಬಂದದ್ದು ಭಾಷೆ. ಇದನ್ನು ಬಿಡಿಸಿ ಬರೆದರೆ, ಬಾಯಿ ಬಿಡದ ಹುಡುಗ ಹುಡುಗಿಯರ ಬಗ್ಗೆ ನಿಮ್ಮ ಮೇಷ್ಟ್ರುಗಳಿಗೂ ಸ್ವಲ್ಪ ಅಂದಾಜು ಸಿಗುತ್ತದೆ. ಈ ವರ್ಷದ ಜೂನಿಯರ್‌ಗಳಲ್ಲಿ ಹಾಗೆ ಕೂತವರು ಯಾರಾದರೂ ಇದ್ದಾರಾ, ನೀವು ಅವರನ್ನು ಮಾತಾಡಿಸಿದ್ದೀರಾ, ಅದನ್ನೂ ನೋಡಿಕೊಳ್ಳಿ.

ಮುಂದಿನದಕ್ಕೆ ಒಂದು ಅಭ್ಯಾಸ ಹೇಳುತ್ತೇನೆ. ಇದು ವರದಿಗಲ್ಲ, ನಿಮಗೆ. ಮ್ಯಾನೇಜ್‌ಮೆಂಟ್ ಚಿಂತಕ ಪೀಟರ್ ಡ್ರಕರ್ ಹೆಸರು ಕೇಳಿಯೇ ಇರುತ್ತೀರಿ. ದೊಡ್ಡ ತೀರ್ಮಾನ ತೆಗೆದುಕೊಳ್ಳುವಾಗಲೆಲ್ಲ ಏನಾಗುತ್ತದೆ ಅಂತ ನಿರೀಕ್ಷೆ ಇದೆಯೋ ಅದನ್ನು ಬರೆದಿಡಿ, ಒಂಬತ್ತು ತಿಂಗಳೋ ಒಂದು ವರ್ಷವೋ ಆದ ಮೇಲೆ ಆದದ್ದರ ಜೊತೆ ಹೋಲಿಸಿ ನೋಡಿ ಅಂತ ಅವರು ಹೇಳುತ್ತಿದ್ದರು. ತಾವೂ ವರ್ಷಗಟ್ಟಲೆ ಹಾಗೇ ಮಾಡಿದರು. ನಿಕ್ಸನ್ ಪ್ರವಾಸದ ಅಧ್ಯಯನ ನೆನಪಿದೆಯಲ್ಲ, ಅದಕ್ಕೆ ಇದೇ ಮದ್ದು. ಬರೆದಿಟ್ಟ ಕಾಗದಕ್ಕೆ ಆಮೇಲೆ ಆದದ್ದು ಗೊತ್ತಿರುವುದಿಲ್ಲ.

ನಿಮಗೆ ಈಗಲೇ ಒಂದು ಸಂದರ್ಭ ಇದೆ. ನಂಜನಗೂಡಿನ ಕಾರ್ಖಾನೆಯೊಂದರ ಅಕೌಂಟ್ಸ್ ವಿಭಾಗದಲ್ಲಿ ಕೆಲಸ, ಬೆಂಗಳೂರಿನಲ್ಲಿ ಸಾಲ ಮಾರುವ ಕೆಲಸ, ಎರಡರಲ್ಲಿ ಯಾವುದು ಅಂತ ಗೊಂದಲ ಅಂದಿದ್ದೀರಿ. ಯಾವುದನ್ನು ಆರಿಸಬೇಕು ಅಂತ ನಾನು ಹೇಳುವುದಿಲ್ಲ. ಆರಿಸಿದ ದಿನ ಅರ್ಧ ಪುಟ ಬರೆಯಿರಿ. ಯಾಕೆ ಆರಿಸಿದೆ, ವರ್ಷದ ನಂತರ ಸಂಬಳ ಎಷ್ಟಿರಬಹುದು, ದಿನದಲ್ಲಿ ಎಷ್ಟು ಹೊತ್ತು ಇಷ್ಟದ ಕೆಲಸ ಇರಬಹುದು, ಯಾವುದಕ್ಕೆ ಭಯ ಆಗುತ್ತಿದೆ, ತಿಂಗಳಿಗೆ ಎಷ್ಟು ಸಲ ಊರಿಗೆ ಹೋಗಲು ಆಗಬಹುದು. ಸಂಬಳ ಜಾಸ್ತಿ ಅನ್ನುವುದೇ ಕಾರಣ ಆಗಿದ್ದರೆ ಹಾಗೇ ಬರೆಯಿರಿ. ‘ಕಲಿಕೆಗೆ ಅವಕಾಶ’ ಅಂತ ಬಣ್ಣ ಹಚ್ಚಬೇಡಿ. ಅದನ್ನು ಓದುವವರು ನೀವೊಬ್ಬರೇ. ಮಡಚಿ ಇಟ್ಟುಬಿಡಿ. ದಿನಾ ಡೈರಿ ಬರೆಯಿರಿ ಅಂತ ಹೇಳಿದರೆ ಹೆಚ್ಚಿನವರು ಒಂದು ವಾರ ಬರೆದು ನಿಲ್ಲಿಸುತ್ತಾರೆ. ಇದು ವರ್ಷಕ್ಕೆ ಎರಡೋ ಮೂರೋ ಸಲದ ಕೆಲಸ.

ಕೊನೆಯದಾಗಿ, ಮನೆಯ ವಿಷಯ ವರದಿಯಲ್ಲಿ ಎಷ್ಟು ಬರೆಯಬಹುದು ಅಂತ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. ಈ ವರದಿಯನ್ನು ಮೇಡಂ ಮಾತ್ರ ಅಲ್ಲ, ಹೊರಗಿನ ಪರೀಕ್ಷಕರೂ ಓದಬಹುದು. ಅಪ್ಪನ ಸಾಲ ಎಷ್ಟು, ಯಾರ ಹತ್ತಿರ, ದೊಡ್ಡಪ್ಪನ ಜೊತೆ ಜಮೀನಿನ ವಿಷಯದಲ್ಲಿ ಏನಿದೆ, ಇದೆಲ್ಲ ಬೇಡ. ಅವು ನಿಮ್ಮ ಬೆಳವಣಿಗೆಯ ಮಾಹಿತಿ ಅಲ್ಲ, ಅವರ ಸ್ವಂತ ವಿಷಯ. ಕಬ್ಬು, ದರ, ನೀವು ಬಿಟ್ಟ ಸಾಲುಗಳು, ಅಪ್ಪ ಹೇಳಿದ ಆ ಒಂದು ಮಾತು, ಇಷ್ಟು ಸಾಕು. ಆ ಮಾತನ್ನು ಬರೆಯುವ ಮೊದಲು ಅಪ್ಪನನ್ನು ಕೇಳಿ. ಬೇಡ ಅಂದರೆ ಬಿಟ್ಟುಬಿಡಿ. ವರದಿ ಅದಿಲ್ಲದೆಯೂ ನಿಲ್ಲುತ್ತದೆ.

ಪ್ಲೇಸ್‌ಮೆಂಟ್ ಸಂದರ್ಶನದಲ್ಲಿ ‘ನಿಮ್ಮ ದೌರ್ಬಲ್ಯ ಏನು’ ಅಂತ ಕೇಳಿಯೇ ಕೇಳುತ್ತಾರೆ. ‘ನಾನು ತುಂಬಾ ಪರ್ಫೆಕ್ಷನಿಸ್ಟ್’ ಅನ್ನುವ ಉತ್ತರ ಕೇಳಿ ಕೇಳಿ ಅವರಿಗೂ ಸಾಕಾಗಿದೆ. ಕಬ್ಬಿನ ಲೆಕ್ಕವನ್ನೇ ಎರಡು ನಿಮಿಷದಲ್ಲಿ ಹೇಳಿ. ಎಫ್‌ಆರ್‌ಪಿ ಹಾಕಿದೆ, ಕಟಾವಿನ ಖರ್ಚು ಬಿಟ್ಟೆ, ದುಡ್ಡು ಬರುವ ದಿನಾಂಕ ಬಿಟ್ಟೆ, ಆಮೇಲೆ ಹೀಗೆ ತಿದ್ದಿದೆ ಅಂತ. ಫೈನಾನ್ಸ್ ಹುದ್ದೆಗೆ ಬಂದವರು ಸ್ವಂತ ಮನೆಯ ವರ್ಕಿಂಗ್ ಕ್ಯಾಪಿಟಲ್ ಬಗ್ಗೆ ಮಾತಾಡುವುದನ್ನು ಅವರು ದಿನಾ ಕೇಳಿರುವುದಿಲ್ಲ. ಇಂಗ್ಲಿಷಿನಲ್ಲಿ ಒಂದೆರಡು ಸಲ ಜೋರಾಗಿ ಹೇಳಿ ಅಭ್ಯಾಸ ಮಾಡಿಕೊಳ್ಳಿ. ಆಲೆಮನೆಗೆ ಇಂಗ್ಲಿಷ್ ಪದ ಹುಡುಕುತ್ತಾ ತಡವರಿಸಬೇಡಿ. ಆಲೆಮನೆ ಅಂತಲೇ ಹೇಳಿ, ಆಮೇಲೆ ಬೆಲ್ಲ ಮಾಡುವ ಜಾಗ ಅಂತ ವಿವರಿಸಿ.

ಇನ್ನು ಪುಟಗಳ ಮಾತು. ಹತ್ತು ಪುಟ ಆಗಲೇಬೇಕು ಅಂತ ಮೇಡಂ ಹೇಳಿದ್ದಾರಾ, ಕೇಳಿ. ಕಡ್ಡಾಯ ಇಲ್ಲದಿದ್ದರೆ ಆರು ಸಾಕು. ಎರಡೂ ಶೀಟುಗಳನ್ನು ಕೊನೆಗೆ ಲಗತ್ತಿಸಿ, ಮೊದಲನೆಯದರ ಕೆಂಪು ಬಣ್ಣ ಹಾಗೇ ಇರಲಿ.